ಒಂದು ಸರ್ವರ್, ಒಂಬತ್ತು ಡೊಮೇನ್: ಮೆಮೊರಿ ಮೊದಲು, ಸಿಪಿಯು ಆಮೇಲೆ

ಹುಬ್ಬಳ್ಳಿಯ ಎಪಿಎಂಸಿಯಲ್ಲಿ ಮುಖ್ಯ ಕಚೇರಿ, ಗದಗ ಮತ್ತು ಬ್ಯಾಡಗಿಯಲ್ಲಿ ಶಾಖೆ ಇರುವ ಒಂದು ದಲಾಲಿ ವ್ಯವಹಾರವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಹತ್ತಿ, ಶೇಂಗಾ, ಮೆಣಸಿನಕಾಯಿಯ ಲೆಕ್ಕವೆಲ್ಲ ಐದಾರು ಹಳೆಯ ಯಂತ್ರಗಳಲ್ಲಿ ಚದುರಿಕೊಂಡಿದೆ. ಅದನ್ನೆಲ್ಲ ಒಂದೇ ದೊಡ್ಡ ಸರ್ವರ್‌ಗೆ ತಂದು, ಡೊಮೇನ್‌ಗಳಾಗಿ ವಿಂಗಡಿಸಬೇಕು. ಸರ್ವರ್‌ಗೆ ಎರಡು ಸಾಕೆಟ್ (ಪ್ರೊಸೆಸರ್ ಚಿಪ್ ಕೂರುವ ಜಾಗ), ಸಾಕೆಟ್‌ಗೆ 16 ಕೋರ್. ಒಟ್ಟು 32 ಕೋರ್, 64 ಥ್ರೆಡ್, 256 ಜಿಬಿ ಮೆಮೊರಿ. ಲಿನಕ್ಸ್ ಮೇಲೆ ವರ್ಚುವಲ್ ಯಂತ್ರಗಳನ್ನು ಓಡಿಸುವ ಕೆವಿಎಂ, ಅದನ್ನು ನಡೆಸಲು ಲಿಬ್‌ವರ್ಟ್. ವರ್ಚುವಲ್ ಯಂತ್ರವನ್ನು, ಅಂದರೆ ಒಂದು ಸರ್ವರ್ ಒಳಗೆ ತಂತ್ರಾಂಶ ಕಟ್ಟಿಕೊಡುವ ಪ್ರತ್ಯೇಕ ಕಂಪ್ಯೂಟರನ್ನು, ಲಿಬ್‌ವರ್ಟ್ ‘ಡೊಮೇನ್’ ಎಂದೇ ಕರೆಯುತ್ತದೆ. ನಿಮ್ಮಲ್ಲಿ ವಿಎಂವೇರ್ ಅಥವಾ ಹೈಪರ್-ವಿ ಇದ್ದರೂ ಲೆಕ್ಕ ಬಹುತೇಕ ಇದೇ. ಬೇರೆಯಾಗುವ ಕಡೆ ಹೇಳಿದ್ದೇವೆ.

ಹೆಚ್ಚಿನವರು ಸಿಪಿಯುದಿಂದ ಶುರು ಮಾಡುತ್ತಾರೆ. ನಾವು ಮೆಮೊರಿಯಿಂದ ಶುರು ಮಾಡಿ ಎನ್ನುತ್ತೇವೆ. ಸಿಪಿಯು ನಲ್ಲಿಯ ಪಾಳಿ ಇದ್ದ ಹಾಗೆ: ಜನ ಹೆಚ್ಚಾದರೆ ಕಾಯುವ ಹೊತ್ತು ಹೆಚ್ಚುತ್ತದೆ, ಆದರೆ ಎಲ್ಲರಿಗೂ ಸರದಿ ಬರುತ್ತದೆ. ಮೆಮೊರಿ ಮನೆಯ ತೊಟ್ಟಿ, ಹಿಡಿದಷ್ಟೇ ನೀರು. ಸಿಪಿಯು ಕಡಿಮೆ ಬಿದ್ದರೆ ಕೆಲಸ ನಿಧಾನವಾಗುತ್ತದೆ, ಮೆಮೊರಿ ಕಡಿಮೆ ಬಿದ್ದರೆ ಡೊಮೇನ್ ಸಾಯುತ್ತದೆ.

ಅಳತೆ: 11 ಮತ್ತು 20ನೇ ತಾರೀಖು ತಪ್ಪಬಾರದು

ಹಳೆಯ ಯಂತ್ರಗಳ ಬಳಕೆಯನ್ನು ಕನಿಷ್ಠ ಒಂದು ಪೂರ್ತಿ ತಿಂಗಳು ಅಳೆಯಿರಿ. ಒಂದು ವಾರದ ಅಳತೆ ಮೋಸ ಮಾಡುತ್ತದೆ. ತಿಂಗಳಿಗೊಮ್ಮೆ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಿಗೆ ಜಿಎಸ್‌ಟಿಆರ್-1ರ ಗಡುವು ತಿಂಗಳ 11, ಜಿಎಸ್‌ಟಿಆರ್-3ಬಿಯದು 20. ಆ ತಾರೀಖುಗಳ ಹಿಂದಿನ ಎರಡು ದಿನ ಲೆಕ್ಕದ ಯಂತ್ರಗಳಿಗೆ ಉಸಿರಾಡಲು ಬಿಡುವಿರುವುದಿಲ್ಲ. ಬ್ಯಾಡಗಿ ಶಾಖೆಯ ದಟ್ಟಣೆ ಮೆಣಸಿನಕಾಯಿ ಆವಕದ ತಿಂಗಳುಗಳಲ್ಲಿ, ಅದೂ ಹರಾಜಿನ ದಿನ. ಸುಗ್ಗಿಯಲ್ಲದ ಆಗಸ್ಟ್‌ನಲ್ಲಿ ಅಳೆದು ಫೆಬ್ರುವರಿಗೆ ಯೋಜನೆ ಹಾಕಿದರೆ ಲೆಕ್ಕ ತಲೆಕೆಳಗಾಗುವುದು ಖಂಡಿತ. ಸುಗ್ಗಿಯಲ್ಲಿ ಅಳೆಯುವ ಅವಕಾಶ ಇಲ್ಲದಿದ್ದರೆ ಹಿಂದಿನ ವರ್ಷದ ಬಿಲ್ ಸಂಖ್ಯೆ ನೋಡಿ. ಸುಗ್ಗಿಯ ದಿನ ಸಾದಾ ದಿನದ ಎಷ್ಟು ಪಟ್ಟು ಬಿಲ್ ಆಗುತ್ತದೆಯೋ ಆ ಅನುಪಾತದಿಂದ ಅಳತೆಯನ್ನು ಗುಣಿಸಿ.

ಸರಾಸರಿಯನ್ನು ನಂಬಬೇಡಿ. ರಾತ್ರಿ ಸುಮ್ಮನಿದ್ದ ಹತ್ತು ತಾಸು ಸೇರಿ ಸರಾಸರಿ ಯಾವಾಗಲೂ ಚಂದ ಕಾಣುತ್ತದೆ. ಐದು ನಿಮಿಷಕ್ಕೊಂದರಂತೆ ತೆಗೆದ ಅಳತೆಗಳಲ್ಲಿ ನೂರಕ್ಕೆ 95 ಅಳತೆಗಳು ಯಾವ ಮಟ್ಟದ ಕೆಳಗಿವೆಯೋ ಆ ಅಂಕಿ ತೆಗೆದುಕೊಳ್ಳಿ, ಕೆಲಸದ ವೇಳೆಯದ್ದು ಮಾತ್ರ.

ಸಿಪಿಯು ಲೆಕ್ಕ ಹೀಗೆ: ಹಳೆಯ ಯಂತ್ರದ 8 ಕೋರ್, ಬಳಕೆ 55 ಪ್ರತಿಶತ ಎಂದರೆ 4.4 ಕೋರ್‌ನಷ್ಟು ಕೆಲಸ. ಹೊಸ ಕೋರ್ ಹಳೆಯದಕ್ಕಿಂತ ಒಂದೂವರೆ ಪಟ್ಟು ಚುರುಕು ಎಂದಾದರೆ ಅದು 2.9 ಆಗುತ್ತದೆ. ಮೇಲೆ ಮೂರನೇ ಒಂದು ಭಾಗ ಹೆಚ್ಚುವರಿ ಸೇರಿಸಿದರೆ 4 ವರ್ಚುವಲ್ ಸಿಪಿಯು. ಹಳೆಯದರಲ್ಲಿ 8 ಇತ್ತು, ಇದರಲ್ಲೂ 8 ಇರಲಿ ಎನ್ನುವುದು ಎಲ್ಲೆಡೆ ಕಾಣುವ ಧಾರಾಳತನ. ಅದರ ದಂಡ ಏನೆಂದು ಮುಂದೆ ಬರುತ್ತದೆ.

ಮೆಮೊರಿ ಅಳೆಯುವಾಗ ಲಿನಕ್ಸ್‌ನಲ್ಲಿ ‘ಫ್ರೀ’ ಅಂಕಣ ನೋಡಬೇಡಿ, ‘ಅವೈಲಬಲ್’ ನೋಡಿ. ಬಿಡುವಿದ್ದ ಮೆಮೊರಿಯನ್ನೆಲ್ಲ ಲಿನಕ್ಸ್ ಡಿಸ್ಕ್ ಕ್ಯಾಶ್‌ಗೆ ಬಳಸಿಕೊಳ್ಳುತ್ತದೆ, ಆದ್ದರಿಂದ ‘ಫ್ರೀ’ ಯಾವಾಗಲೂ ಬಡವನ ಲೆಕ್ಕವನ್ನೇ ತೋರಿಸುತ್ತದೆ. ವಿಂಡೋಸ್‌ನಲ್ಲಿ ‘ಕಮಿಟೆಡ್’ ಅಂಕಿಯನ್ನೂ (ಪ್ರೋಗ್ರಾಂಗಳಿಗೆ ಕೊಡುವುದಾಗಿ ಒಪ್ಪಿದ ಮೆಮೊರಿ) ಹಾರ್ಡ್ ಫಾಲ್ಟ್‌ಗಳನ್ನೂ (ಬೇಕಾದದ್ದು ಮೆಮೊರಿಯಲ್ಲಿ ಇಲ್ಲದೆ ಡಿಸ್ಕ್‌ನಿಂದ ತಂದ ಸಲ) ಜೋಡಿಯಾಗಿ ನೋಡಬೇಕು.

ಡೇಟಾಬೇಸ್‌ಗೆ ಬಳಕೆಯ ಅಳತೆ ಸಾಲದು, ಸೆಟ್ಟಿಂಗ್‌ಗಳಿಂದಲೇ ಲೆಕ್ಕ ಕಟ್ಟಬೇಕು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಶೇರ್ಡ್ ಬಫರ್‌ಗೆ (ಎಲ್ಲ ಸಂಪರ್ಕಗಳೂ ಹಂಚಿಕೊಳ್ಳುವ ಕ್ಯಾಶ್) ಡೊಮೇನ್ ಮೆಮೊರಿಯ ಕಾಲು ಭಾಗ ಒಳ್ಳೆಯ ಆರಂಭ. ಜನ ಮರೆಯುವುದು ವರ್ಕ್ ಮೆಮೊರಿಯನ್ನು. ಅದು ಸಂಪರ್ಕಕ್ಕೆ ಒಂದಲ್ಲ, ಪ್ರತಿ ವಿಂಗಡಣೆಗೆ (ಸಾರ್ಟ್) ಒಂದು. 64 ಎಂಬಿ ಇಟ್ಟು, 200 ಸಂಪರ್ಕಗಳು ಎರಡೆರಡು ವಿಂಗಡಣೆ ನಡೆಸಿದರೆ 25 ಜಿಬಿ ಬೇಕಾಗುತ್ತದೆ. ವರ್ಷವೆಲ್ಲ ಸುಸೂತ್ರ ನಡೆದ ಡೇಟಾಬೇಸ್ ಮಾರ್ಚ್ 31ರಂದು ಬೀಳುವುದಕ್ಕೆ ಇದೊಂದು ಸಾಮಾನ್ಯ ಕಾರಣ. ಜಾವಾ ಆಗಿದ್ದರೆ ಹೀಪ್ (ಪ್ರೋಗ್ರಾಂ ತನ್ನ ದತ್ತಾಂಶ ಇಡುವ ಮೆಮೊರಿ) ಗಾತ್ರವೇ ಡೊಮೇನ್ ಗಾತ್ರವಲ್ಲ. ಥ್ರೆಡ್‌ಗಳ ಸ್ಟ್ಯಾಕ್, ಮೆಟಾಸ್ಪೇಸ್, ಆಪರೇಟಿಂಗ್ ಸಿಸ್ಟಮ್ ಎಲ್ಲ ಹೊರಗಿರುತ್ತವೆ. 8 ಜಿಬಿ ಹೀಪ್‌ಗೆ 12 ಜಿಬಿ ಡೊಮೇನ್ ಕೊಡಿ.

ಹೋಸ್ಟ್‌ನ ಪಾಲು ಮೊದಲು ತೆಗೆದಿಡಿ

256 ಜಿಬಿ ಇದೆಯೆಂದು 256 ಹಂಚುವ ಹಾಗಿಲ್ಲ. ಹೋಸ್ಟ್ ಲಿನಕ್ಸ್‌ಗೆ (ಡೊಮೇನ್‌ಗಳನ್ನೆಲ್ಲ ಹೊತ್ತ ಮೂಲ ವ್ಯವಸ್ಥೆ), ಅದರ ಮೇಲೆ ಓಡುವ ನಿಗಾ ಮತ್ತು ಬ್ಯಾಕಪ್ ತಂತ್ರಾಂಶಕ್ಕೆ 8 ಜಿಬಿ. ಪ್ರತಿ ಡೊಮೇನ್‌ಗೂ ಅದನ್ನು ಓಡಿಸುವ ಕ್ಯೂಎಮು ಪ್ರಕ್ರಿಯೆಯ ಸ್ವಂತ ಖರ್ಚು ಇರುತ್ತದೆ: ವಿಡಿಯೋ ಮೆಮೊರಿ, ಡಿಸ್ಕ್ ಬಫರ್, ಪೇಜ್ ಟೇಬಲ್. ಡೊಮೇನ್‌ಗೆ ಅರ್ಧ ಜಿಬಿ ಹಿಡಿಯಿರಿ. ಒಂಬತ್ತಕ್ಕೆ ನಾಲ್ಕೂವರೆ. ಒಟ್ಟು 16 ಜಿಬಿ ಎಂದು ದುಂಡು ಮಾಡಿ. ಅದಲ್ಲದೆ 24 ಜಿಬಿ ಯಾರಿಗೂ ಕೊಡದೆ ಖಾಲಿ ಇರಲಿ. ಉಳಿದದ್ದು 216.

ಡಿಸ್ಕ್‌ಗೆ ಝಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ ಬಳಸುವವರು ಇಲ್ಲಿ ನಿಲ್ಲಬೇಕು. ಲಿನಕ್ಸ್‌ನ ಹಲವು ಆವೃತ್ತಿಗಳಲ್ಲಿ ಅದರ ಕ್ಯಾಶ್ ತಾನಾಗಿಯೇ ಅರ್ಧ ಮೆಮೊರಿಯವರೆಗೂ ಬೆಳೆಯುತ್ತದೆ. ಕೇಳಿದಾಗ ಬಿಟ್ಟುಕೊಡುತ್ತದೆ ನಿಜ, ಆದರೆ ಡೊಮೇನ್ ಶುರುವಾಗುವ ಅವಸರಕ್ಕೆ ತಕ್ಕಷ್ಟು ಬೇಗ ಬಿಡುವುದಿಲ್ಲ. ಗರಿಷ್ಠ ಮಿತಿಯನ್ನು ನೀವೇ 16 ಜಿಬಿಗೆ ಕಟ್ಟಿಹಾಕಿ, ಆ 16ನ್ನೂ ಲೆಕ್ಕದಿಂದ ಕಳೆಯಿರಿ. ಬೇರೆ ಫೈಲ್ ವ್ಯವಸ್ಥೆ ಇದ್ದರೆ ಡೊಮೇನ್ ಡಿಸ್ಕ್‌ನ ಕ್ಯಾಶ್ ವಿಧಾನವನ್ನು ‘ನನ್’ (ಯಾವುದೂ ಬೇಡ) ಮಾಡಿ. ಇಲ್ಲವಾದರೆ ಅದೇ ದತ್ತಾಂಶ ಗೆಸ್ಟ್‌ನಲ್ಲಿ (ಡೊಮೇನ್ ಒಳಗಿನ ವ್ಯವಸ್ಥೆ) ಒಮ್ಮೆ, ಹೋಸ್ಟ್‌ನಲ್ಲಿ ಒಮ್ಮೆ ಮೆಮೊರಿ ತಿನ್ನುತ್ತದೆ.

ಸಿಪಿಯುದಲ್ಲಿ ಹೋಸ್ಟ್‌ಗೆ ಎರಡು ಕೋರ್, ಸಾಕೆಟ್‌ಗೆ ಒಂದರಂತೆ. ನೆಟ್‌ವರ್ಕ್ ಮತ್ತು ಡಿಸ್ಕ್‌ನ ಕೆಲಸ ಹೋಸ್ಟ್ ತಲೆಯ ಮೇಲೇ ಇರುತ್ತದೆ. ಅದಕ್ಕೆ ಜಾಗ ಇಲ್ಲದಿದ್ದರೆ ಡೊಮೇನ್‌ಗೆ ಎಷ್ಟು ಸಿಪಿಯು ಕೊಟ್ಟರೂ ಡಿಸ್ಕ್ ನಿಧಾನ ಎಂಬ ದೂರು ತಪ್ಪದು.

ನೂಮಾ: ಎರಡು ಸಾಕೆಟ್ ಎಂದರೆ ಎರಡು ಮನೆ

ಪ್ರತಿ ಸಾಕೆಟ್‌ಗೂ ತನ್ನದೇ 128 ಜಿಬಿ ಇದೆ. ಸಾಕೆಟ್ ಮತ್ತು ಅದರ ಮೆಮೊರಿ ಸೇರಿ ಒಂದು ನೋಡ್, ಈ ಏರ್ಪಾಟಿಗೇ ನೂಮಾ ಎನ್ನುತ್ತಾರೆ. ಆಚೆ ಸಾಕೆಟ್‌ನ ಮೆಮೊರಿ ಮುಟ್ಟಲು ಹೆಚ್ಚು ಹೊತ್ತು ಬೇಕು. ಅದಕ್ಕೇ ಪ್ರತಿ ಡೊಮೇನ್ ಒಂದೇ ನೋಡ್‌ನೊಳಗೆ ಹಿಡಿಯುವಂತೆ ಗಾತ್ರ ಇಡಬೇಕು. 140 ಜಿಬಿಯ ಡೊಮೇನ್ ಮಾಡಿದರೆ ಅದು ಎರಡೂ ನೋಡ್‌ಗೆ ಕಾಲು ಚಾಚಲೇಬೇಕು. ನಿಜಕ್ಕೂ ಅಷ್ಟು ಬೇಕಾದರೆ ಡೊಮೇನ್ ಒಳಗೂ ಎರಡು ನೂಮಾ ನೋಡ್ ಕಾಣುವಂತೆ ಹೊಂದಿಸಿ.

ಖರೀದಿಯ ಹಂತದಲ್ಲೇ ಒಂದು ಮಾತು. ಈಗಿನ ಅನೇಕ ಸರ್ವರ್‌ಗಳಲ್ಲಿ ಸಾಕೆಟ್‌ಗೆ 8 ಮೆಮೊರಿ ಚಾನೆಲ್ (ಮೆಮೊರಿಗೆ ಹೋಗುವ ದಾರಿ) ಇರುತ್ತವೆ. 256 ಜಿಬಿಗೆ 16 ಜಿಬಿಯ 16 ಪಟ್ಟಿಗಳನ್ನು ಹಾಕಿದರೆ ಎಲ್ಲ ಚಾನೆಲ್ ತುಂಬುತ್ತವೆ. ಮುಂದೆ ಬೆಳೆಸಲು ಜಾಗ ಇರಲಿ ಎಂದು 64 ಜಿಬಿಯ ನಾಲ್ಕೇ ಪಟ್ಟಿ ಹಾಕಿದರೆ ಸಾಕೆಟ್‌ಗೆ ಎರಡೇ ಚಾನೆಲ್ ಕೆಲಸ ಮಾಡುತ್ತವೆ. ಗಾತ್ರ ಅದೇ, ವೇಗ ಮಾತ್ರ ಕುಸಿಯುತ್ತದೆ. ಕೊಟೇಶನ್‌ನಲ್ಲಿ ಬರೀ ‘256 ಜಿಬಿ’ ಎಂದಿದ್ದರೆ ಪಟ್ಟಿಗಳ ಸಂಖ್ಯೆ ಕೇಳಿ ಬರೆಸಿಕೊಳ್ಳಿ.

ಇನ್ನು ಹಂಚಿಕೆ. 16 ಮತ್ತು 24 ಸೇರಿ 40 ಜಿಬಿ ತೆಗೆದಿಟ್ಟದ್ದನ್ನು ಎರಡೂ ನೋಡ್‌ಗೆ ಸಮ ಹಂಚಿದರೆ ನೋಡ್‌ಗೆ 108 ಉಳಿಯುತ್ತದೆ.

ಸೊನ್ನೆಯ ನೋಡ್‌ನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್, 8 ಸಿಪಿಯು, 64 ಜಿಬಿ. ಅದರ ಜೊತೆಗೇ ಎರಡು ಜಾವಾ ಅಪ್ಲಿಕೇಶನ್ ಡೊಮೇನ್‌ಗಳು, ತಲಾ 4 ಸಿಪಿಯು, 12 ಜಿಬಿ. ದಿನವಿಡೀ ಡೇಟಾಬೇಸ್ ಜೊತೆ ಮಾತಾಡುವವು ಅದರ ಮಗ್ಗುಲಲ್ಲೇ ಇದ್ದರೆ ಚಲೋ. ನಿಗಾ ಡೊಮೇನ್‌ಗೆ 2 ಸಿಪಿಯು, 8 ಜಿಬಿ. ಒಟ್ಟು 18 ಸಿಪಿಯು, 96 ಜಿಬಿ.

ಒಂದನೇ ನೋಡ್‌ನಲ್ಲಿ ಟ್ಯಾಲಿ ಬಳಸುವವರಿಗೆ ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್, 8 ಸಿಪಿಯು, 48 ಜಿಬಿ. ವರದಿ ತೆಗೆಯುವ ಡೊಮೇನ್ 6 ಸಿಪಿಯು, 24 ಜಿಬಿ. ಪರೀಕ್ಷೆಯದು 4 ಸಿಪಿಯು, 12 ಜಿಬಿ. ಫೈಲ್ ಸರ್ವರ್ 2 ಸಿಪಿಯು, 8 ಜಿಬಿ. ಲಾಗಿನ್ ನೋಡಿಕೊಳ್ಳುವ ಡೈರೆಕ್ಟರಿ ಡೊಮೇನ್ 2 ಸಿಪಿಯು, 6 ಜಿಬಿ. ಒಟ್ಟು 22 ಸಿಪಿಯು, 98 ಜಿಬಿ.

ಎರಡೂ ಸೇರಿ 194 ಜಿಬಿ. 216ರಲ್ಲಿ 22 ಜಿಬಿ ಮುಂದಿನ ಬೆಳವಣಿಗೆಗೆ. ಸಿಪಿಯು 40, ಉಳಿದ ಕೋರ್ 30, ಅನುಪಾತ 1.33. ಇದು ಸಾಕಷ್ಟು ಸಡಿಲ ಹಂಚಿಕೆ. ಡೇಟಾಬೇಸ್‌ಗೆ ಕೋರ್‌ಗೆ ಒಂದೇ ವರ್ಚುವಲ್ ಸಿಪಿಯು, ಅಪ್ಲಿಕೇಶನ್‌ಗಳಿಗೆ ಎರಡರಿಂದ ಮೂರು, ಹೆಚ್ಚು ಹೊತ್ತು ಸುಮ್ಮನಿರುವ ಪರೀಕ್ಷಾ ಡೊಮೇನ್‌ಗಳಿಗೆ ನಾಲ್ಕರವರೆಗೂ ಹೋಗಬಹುದು. ಲೆಕ್ಕವನ್ನು ಕೋರ್ ಮೇಲೆ ಮಾಡಿ, ಥ್ರೆಡ್ ಮೇಲಲ್ಲ. ಒಂದು ಕೋರ್‌ನ ಎರಡನೇ ಥ್ರೆಡ್ ಇನ್ನೊಂದು ಕೋರ್ ಅಲ್ಲ. ಬಹಳಷ್ಟು ಕೆಲಸಗಳಲ್ಲಿ ಅದರ ಲಾಭ ಕಾಲು ಭಾಗದ ಆಸುಪಾಸು.

ಹೆಚ್ಚು ಸಿಪಿಯು ಕೊಟ್ಟರೆ ಯಾಕೆ ನಿಧಾನ

ಡೊಮೇನ್‌ನ ಒಂದು ವರ್ಚುವಲ್ ಸಿಪಿಯು ಒಂದು ಬೀಗ (ಕೆಲಸ ಮುಗಿಯುವ ತನಕ ಬೇರೆಯವರನ್ನು ತಡೆಯುವ ಗುರುತು) ಹಿಡಿದುಕೊಂಡಿದೆ ಎಂದುಕೊಳ್ಳಿ. ಅದೇ ಗಳಿಗೆಗೆ ಹೋಸ್ಟ್ ಅದನ್ನು ಇಳಿಸಿ ಬೇರೆ ಡೊಮೇನ್ ಏರಿಸಿತು. ಉಳಿದ ವರ್ಚುವಲ್ ಸಿಪಿಯುಗಳು ಆ ಬೀಗಕ್ಕಾಗಿ ಸುತ್ತುತ್ತ ನಿಲ್ಲುತ್ತವೆ. ಬಳಕೆ 100 ತೋರಿಸುತ್ತದೆ, ಕೆಲಸ ಸೊನ್ನೆ. ವರ್ಚುವಲ್ ಸಿಪಿಯು ಹೆಚ್ಚಾದಷ್ಟೂ ಈ ಸಿಕ್ಕು ಹೆಚ್ಚು. ಅದಲ್ಲದೆ ಜಾವಾ ತನಗೆ ಕಂಡ ಸಿಪಿಯು ಎಣಿಸಿಯೇ ಕಸ ಗುಡಿಸುವ ಥ್ರೆಡ್‌ಗಳನ್ನು ಎಬ್ಬಿಸುತ್ತದೆ. 16 ತೋರಿಸಿದರೆ ನಿಜಕ್ಕೂ 16 ಸಿಗುತ್ತದೆಂದೇ ಅದರ ನಂಬಿಕೆ.

ಹಾಗಾಗಿ ಡೊಮೇನ್ ನಿಧಾನವಾದಾಗ ನೋಡಬೇಕಾದ್ದು ಬಳಕೆಯಲ್ಲ, ಕಾಯುವಿಕೆ. ಗೆಸ್ಟ್ ಒಳಗೆ ‘ಟಾಪ್’ ಅಥವಾ ‘ವಿಎಂಸ್ಟ್ಯಾಟ್’ನಲ್ಲಿ ‘ಎಸ್‌ಟಿ’ ಅಂಕಣ ಇರುತ್ತದೆ. ಓಡಲು ಸಿದ್ಧವಿದ್ದರೂ ಹೋಸ್ಟ್ ಪಾಳಿ ಕೊಡದ ಸಮಯ ಅದು. ಬಳಕೆ 90 ಇದ್ದು ‘ಎಸ್‌ಟಿ’ ಸೊನ್ನೆಯಾದರೆ ಆ ಡೊಮೇನ್‌ಗೆ ಸಿಪಿಯು ಸಾಲದು, ಹೆಚ್ಚಿಸಿ. ಬಳಕೆ 60 ಇದ್ದು ‘ಎಸ್‌ಟಿ’ 10ಕ್ಕೆ ಏರಿದ್ದರೆ ಹೋಸ್ಟ್ ತುಂಬಿದೆ. ಈಗ ಇದಕ್ಕೆ ಇನ್ನೆರಡು ಕೊಟ್ಟರೆ ಕೆಡುವುದೇ ಹೆಚ್ಚು. ಮಗ್ಗುಲ ಡೊಮೇನ್‌ನಿಂದ ಕಡಿಮೆ ಮಾಡಬೇಕು. ವಿಎಂವೇರ್‌ನಲ್ಲಿ ಇದನ್ನು ‘ರೆಡಿ’ ಎನ್ನುತ್ತಾರೆ. 20 ಸೆಕೆಂಡಿನ ಅಳತೆಯಲ್ಲಿ ಒಂದು ವರ್ಚುವಲ್ ಸಿಪಿಯುಗೆ 1000 ಮಿಲಿಸೆಕೆಂಡ್ ಎಂದರೆ 5 ಪ್ರತಿಶತ. ಅಲ್ಲಿಂದ ಎಚ್ಚರ, 10 ದಾಟಿದರೆ ತೊಂದರೆ.

ಪಿನ್ ಮಾಡುವುದು, ಅದರ ಹೊಂಡಗಳು

ಪಿನ್ ಮಾಡುವುದೆಂದರೆ ವರ್ಚುವಲ್ ಸಿಪಿಯುವನ್ನು ನಿಗದಿತ ಕೋರ್‌ಗೆ ಕಟ್ಟುವುದು. ಎಲ್ಲವನ್ನೂ ಪಿನ್ ಮಾಡುವ ಉತ್ಸಾಹ ಬೇಡ. ಡೇಟಾಬೇಸ್ ಒಂದಕ್ಕೆ ಎಂಟು ಖಾಸಗಿ ಕೋರ್ ಸಾಕು. ಉಳಿದವನ್ನು ಆಯಾ ನೋಡ್‌ನೊಳಗೆ ತಿರುಗಾಡಲು ಬಿಡಿ.

ಪಿನ್ ಮಾಡುವ ಮುನ್ನ ‘ಎಲ್‌ಎಸ್‌ಸಿಪಿಯು’ ಆಜ್ಞೆಯನ್ನು ವಿಸ್ತೃತ ರೂಪದಲ್ಲಿ ಓಡಿಸಿ ಯಾವ ಸಂಖ್ಯೆ ಯಾವ ಕೋರ್‌ನದು, ಯಾವ ನೋಡ್‌ನದು ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಕೆಲವು ಸರ್ವರ್‌ಗಳಲ್ಲಿ ಸಮ ಸಂಖ್ಯೆಗಳು ಒಂದು ಸಾಕೆಟ್‌ನವು, ಬೆಸ ಸಂಖ್ಯೆಗಳು ಇನ್ನೊಂದರವು. ಅಲ್ಲಿ 0ಯಿಂದ 7 ಎಂದು ಬರೆದರೆ ಡೇಟಾಬೇಸ್ ಎರಡು ಹೋಳಾಗಿ ಕೂರುತ್ತದೆ. ಬೇರೆ ಸರ್ವರ್‌ಗಳಲ್ಲಿ 0 ಮತ್ತು 32 ಒಂದೇ ಕೋರ್‌ನ ಅವಳಿ ಥ್ರೆಡ್‌ಗಳು. ಎರಡನ್ನೂ ಬೇರೆ ಕೋರ್ ಎಂದು ಎಣಿಸಿದರೆ ನಿಮಗೆ ಸಿಕ್ಕಿದ್ದು ಅರ್ಧ.

ದೊಡ್ಡ ಹೊಂಡ ಇನ್ನೊಂದಿದೆ. ‘ವರ್ಶ್ ವಿಸಿಪಿಯುಪಿನ್’ ಆಜ್ಞೆ ಡೇಟಾಬೇಸನ್ನು ಆ ಕೋರ್‌ಗಳಿಗೆ ಕಟ್ಟುತ್ತದೆ, ಆದರೆ ಬೇರೆಯವರನ್ನು ಅಲ್ಲಿಂದ ಹೊರಗಿಡುವುದಿಲ್ಲ. ಉಳಿದ ಡೊಮೇನ್‌ಗಳ ಸಿಪಿಯು ಪಟ್ಟಿಯಿಂದ ಆ ಎಂಟು ಕೋರ್‌ಗಳನ್ನೂ ಅವುಗಳ ಅವಳಿ ಥ್ರೆಡ್‌ಗಳನ್ನೂ ನೀವೇ ತೆಗೆಯಬೇಕು. ಹಾಗೆ ಮಾಡದಿದ್ದರೆ ಎಲ್ಲರೂ ಓಡಾಡುವ ಓಣಿಯಲ್ಲಿ ಡೇಟಾಬೇಸ್ ಒಂದನ್ನೇ ಕಟ್ಟಿಹಾಕಿದಂತಾಗುತ್ತದೆ, ಅದಕ್ಕೆ ತಪ್ಪಿಸಿಕೊಳ್ಳಲೂ ದಾರಿ ಇರುವುದಿಲ್ಲ. ಬಿಟ್ಟ ಅವಳಿ ಥ್ರೆಡ್‌ಗಳಲ್ಲಿ ಒಂದೆರಡನ್ನು ಅದೇ ಡೊಮೇನ್‌ನ ಎಮ್ಯುಲೇಟರ್ ಕೆಲಸಕ್ಕೆ (ಕ್ಯೂಎಮುವಿನ ಸ್ವಂತ ಕೆಲಸ) ಕೊಡಬಹುದು.

ಮೆಮೊರಿಯನ್ನು ನೋಡ್‌ಗೆ ಕಟ್ಟುವ ‘ನೂಮಾಟ್ಯೂನ್’ನಲ್ಲಿ ‘ಸ್ಟ್ರಿಕ್ಟ್’ ಎಂದರೆ ನಿಜಕ್ಕೂ ಕಟ್ಟುನಿಟ್ಟು. ಆಚೆ ನೋಡ್‌ನಲ್ಲಿ 20 ಜಿಬಿ ಖಾಲಿ ಇದ್ದರೂ ಈಚೆ ತುಂಬಿದರೆ ಸ್ವಾಪ್‌ಗೆ, ಅಂದರೆ ಮೆಮೊರಿಯ ಬದಲು ಡಿಸ್ಕ್‌ಗೆ, ಹೋಗುತ್ತದೆ. ಡೇಟಾಬೇಸ್‌ಗೆ ಸ್ಟ್ರಿಕ್ಟ್, ಉಳಿದವಕ್ಕೆ ‘ಪ್ರಿಫರ್ಡ್’ ಇರಲಿ.

ಸಿಪಿಯು ತಾರತಮ್ಯಕ್ಕೆ ಮಿತಿ ಹೇರುವುದಕ್ಕಿಂತ ತೂಕ ಕೊಡುವುದು ಮೇಲು. ಈಗಿನ ಲಿನಕ್ಸ್‌ಗಳಲ್ಲಿ ಸಾಮಾನ್ಯ ತೂಕ 100. ಡೈರೆಕ್ಟರಿಗೂ ಅಪ್ಲಿಕೇಶನ್‌ಗಳಿಗೂ 200, ಪರೀಕ್ಷೆಗೆ 25 ಕೊಡಿ. ಜಗಳ ಬಂದಾಗಷ್ಟೇ ತೂಕ ಕೆಲಸ ಮಾಡುತ್ತದೆ. ಹೋಸ್ಟ್ ಖಾಲಿ ಇದ್ದರೆ ಪರೀಕ್ಷಾ ಡೊಮೇನ್ ಪೂರ್ತಿ ವೇಗದಲ್ಲೇ ಓಡುತ್ತದೆ. ಕೋಟಾ ಹಾಗಲ್ಲ, ಖಾಲಿ ಇದ್ದರೂ ತಡೆಯುತ್ತದೆ. ಲಿಬ್‌ವರ್ಟ್‌ನ ವರ್ಚುವಲ್ ಸಿಪಿಯು ಕೋಟಾ ಇಡೀ ಡೊಮೇನ್‌ಗಲ್ಲ, ಒಂದೊಂದು ವರ್ಚುವಲ್ ಸಿಪಿಯುಗೆ. ಅವಧಿ 100000, ಕೋಟಾ 50000 ಎಂದರೆ ನಾಲ್ಕರಲ್ಲಿ ಪ್ರತಿಯೊಂದಕ್ಕೂ ಅರ್ಧ, ಒಟ್ಟು ಎರಡು.

ಸಾಕೆಟ್ ಲೆಕ್ಕ, ಲೈಸೆನ್ಸ್ ಲೆಕ್ಕ

ಗೆಸ್ಟ್‌ಗೆ 8 ಸಿಪಿಯು ಕೊಟ್ಟರೆ ಅದು 8 ಸಾಕೆಟ್ ಎಂದು ಕಾಣುತ್ತದೋ, 1 ಸಾಕೆಟ್ 8 ಕೋರ್ ಎಂದೋ? ಲಿನಕ್ಸ್‌ಗೆ ವ್ಯತ್ಯಾಸ ಕಡಿಮೆ. ವಿಂಡೋಸ್ 10 ಪ್ರೊ ಎರಡೇ ಸಾಕೆಟ್ ಬಳಸುತ್ತದೆ, ಉಳಿದ ಆರು ವ್ಯರ್ಥ. ಎಸ್‌ಕ್ಯೂಎಲ್ ಸರ್ವರ್ ಸ್ಟ್ಯಾಂಡರ್ಡ್ 2022ಕ್ಕೂ 4 ಸಾಕೆಟ್ ಅಥವಾ 24 ಕೋರ್, ಯಾವುದು ಕಡಿಮೆಯೋ ಅದೇ ಮಿತಿ. ಡೊಮೇನ್ ವಿವರದಲ್ಲಿ 1 ಸಾಕೆಟ್, 8 ಕೋರ್, 1 ಥ್ರೆಡ್ ಎಂದು ಬಾಯಿಬಿಟ್ಟು ಬರೆಯಿರಿ. ಎಸ್‌ಕ್ಯೂಎಲ್ ಸರ್ವರ್‌ನ ಕೋರ್ ಲೈಸೆನ್ಸ್ ಡೊಮೇನ್‌ಗೆ ಕನಿಷ್ಠ 4 ಬೇಕು, ಹಾಗಾಗಿ ಅದಕ್ಕೆ ಎರಡೇ ಸಿಪಿಯು ಕೊಟ್ಟು ಹಣ ಉಳಿಸಲಾಗದು. ಒರಾಕಲ್ ಡೇಟಾಬೇಸ್ ಇದ್ದರೆ ಹಂಚಿಕೆಗೆ ಮುನ್ನವೇ ಲೈಸೆನ್ಸ್ ಮಾತಾಡಿ ಮುಗಿಸಿ. ಸಾಮಾನ್ಯ ಕೆವಿಎಂನಲ್ಲಿ ಡೊಮೇನ್‌ಗೆ ಕೊಟ್ಟ ಸಿಪಿಯು ಅಲ್ಲ, ಸರ್ವರ್‌ನ ಎಲ್ಲ ಕೋರ್‌ಗಳನ್ನೂ ಅವರು ಎಣಿಸುತ್ತಾರೆ.

ಹ್ಯೂಜ್ ಪೇಜ್, ಬಲೂನ್, ಸ್ವಾಪ್

ಮೆಮೊರಿಯನ್ನು ಪುಟಗಳೆಂಬ ತುಣುಕುಗಳಲ್ಲಿ ಹಂಚಲಾಗುತ್ತದೆ. 64 ಜಿಬಿ ಡೇಟಾಬೇಸ್‌ಗೆ 4 ಕೆಬಿಯ ಪುಟಗಳು ಸಣ್ಣವು. 1 ಜಿಬಿಯ 64 ಹ್ಯೂಜ್ ಪೇಜ್‌ಗಳನ್ನು ಬೂಟ್ ಆಗುವಾಗಲೇ ಸೊನ್ನೆಯ ನೋಡ್‌ನಲ್ಲಿ ಕಾಯ್ದಿರಿಸಿ. ಆಮೇಲೆ ಕೇಳಿದರೆ ಅಷ್ಟು ಉದ್ದದ ಅಖಂಡ ಜಾಗ ಸಿಗುವುದು ಕಷ್ಟ. 2 ಎಂಬಿಯವಾದರೆ 32768 ಬೇಕು. ಕಾಯ್ದಿರಿಸಿದ ಮೇಲೆ ಡೊಮೇನ್ ವಿವರದಲ್ಲಿ ಹ್ಯೂಜ್ ಪೇಜ್ ಬಳಸು ಎಂದು ಹೇಳುವುದನ್ನು ಮರೆತರೆ, ಕಾಯ್ದಿರಿಸಿದ 64 ಸುಮ್ಮನೆ ಕೂತು, ಡೊಮೇನ್ ಸಾಮಾನ್ಯ ಮೆಮೊರಿಯಿಂದ ಇನ್ನೊಂದು 64 ಎಳೆಯುತ್ತದೆ. ಲೆಕ್ಕ ಸರಿ ಇದ್ದೂ ಮೆಮೊರಿ ಮುಗಿಯಿತು ಎಂದರೆ ಮೊದಲು ಇದನ್ನೇ ನೋಡಿ.

ಬಲೂನ್ (ಬಳಸದ ಮೆಮೊರಿಯನ್ನು ಡೊಮೇನ್‌ನಿಂದ ಹೋಸ್ಟ್ ಹಿಂದೆ ಪಡೆಯುವ ಏರ್ಪಾಟು) ನಂಬಿ ಇರುವುದಕ್ಕಿಂತ ಹೆಚ್ಚು ಮೆಮೊರಿ ಹಂಚುವುದು ನಮಗೆ ಒಪ್ಪಿಗೆ ಇಲ್ಲ. ಗೆಸ್ಟ್ ಒಳಗಿನ ಚಾಲಕ ಓಡುತ್ತಿದ್ದರೆ ಮಾತ್ರ ಬಲೂನ್ ಮೆಮೊರಿ ಹಿಂದೆ ಕೊಡುತ್ತದೆ. ವಿಂಡೋಸ್ ಬೂಟ್ ಆಗುವಾಗ ಎಲ್ಲ ಪುಟಗಳನ್ನೂ ಸೊನ್ನೆ ಮಾಡುತ್ತ ಹೋಗುತ್ತದೆ, ಅಂದರೆ ಚಾಲಕ ಎದ್ದೇಳುವ ಮುನ್ನವೇ ಗರಿಷ್ಠ ಮಿತಿಯನ್ನು ಮುಟ್ಟಿಬಿಡುತ್ತದೆ. ಕರೆಂಟ್ ಹೋಗಿ ಬಂದು ಎಲ್ಲ ಡೊಮೇನ್ ಒಟ್ಟಿಗೆ ಏಳುವ ಹೊತ್ತಿಗೇ ಈ ಜಾಣತನ ಕೈಕೊಡುತ್ತದೆ. ಕೈಕೊಟ್ಟಾಗ ಹೋಸ್ಟ್ ಯಾರನ್ನು ಕೊಲ್ಲುತ್ತದೆ? ಸಾಮಾನ್ಯವಾಗಿ ಅತಿ ಹೆಚ್ಚು ಮೆಮೊರಿ ಹಿಡಿದ ಪ್ರಕ್ರಿಯೆಯನ್ನು, ಅಂದರೆ ಅತಿ ದೊಡ್ಡ ಡೊಮೇನನ್ನು (ಹ್ಯೂಜ್ ಪೇಜ್‌ನಲ್ಲಿರುವ ಡೇಟಾಬೇಸ್ ಆ ಎಣಿಕೆಗೆ ಬರುವುದಿಲ್ಲ). ಪರೀಕ್ಷಾ ಡೊಮೇನ್ ಮಾಡಿದ ತಪ್ಪಿಗೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಕೂತ ಎಲ್ಲರೂ ಹೊರಗೆ ಬೀಳುತ್ತಾರೆ. ಪರೀಕ್ಷೆ, ಫೈಲ್ ಸರ್ವರ್‌ನಂಥವಕ್ಕೆ ಬಲೂನ್ ಇರಲಿ, ಆದರೆ ಗರಿಷ್ಠಗಳ ಮೊತ್ತ 216 ಮೀರದಿರಲಿ.

ಹೋಸ್ಟ್‌ಗೆ 8 ಜಿಬಿ ಸ್ವಾಪ್ ಸಾಕು, ಸ್ವಾಪ್‌ಗೆ ಎಷ್ಟು ಸುಲಭವಾಗಿ ಇಳಿಯಬೇಕೆಂಬ ‘ಸ್ವಾಪಿನೆಸ್’ ಅಂಕಿ 1ರಿಂದ 10ರೊಳಗೆ. ಸ್ವಾಪ್ ಬಳಕೆ ನಿಂತಲ್ಲೇ ಇದ್ದರೆ ಚಿಂತೆ ಬೇಡ. ‘ವಿಎಂಸ್ಟ್ಯಾಟ್’ನಲ್ಲಿ ಒಳಗೆ-ಹೊರಗೆ ಓಡಾಟ ಸತತವಾಗಿ ಕಂಡರೆ ಅವತ್ತೇ ಒಂದು ಡೊಮೇನ್ ಇಳಿಸಿ.

ಕರೆಂಟ್ ಮತ್ತು ಸೆಖೆ

ಯುಪಿಎಸ್ ಹತ್ತು ನಿಮಿಷ ತಡೆಯುತ್ತದೆ ಎಂದುಕೊಳ್ಳಿ. ಹೋಸ್ಟ್ ಮುಚ್ಚುವಾಗ ಡೊಮೇನ್‌ಗಳನ್ನು ಶಟ್‌ಡೌನ್ ಮಾಡುವುದೋ, ಮೆಮೊರಿಯನ್ನು ಡಿಸ್ಕ್‌ಗೆ ಬರೆದು ಮಲಗಿಸುವುದೋ ಎಂಬುದು ‘ಲಿಬ್‌ವರ್ಟ್-ಗೆಸ್ಟ್ಸ್’ ಸೇವೆಯ ಸೆಟ್ಟಿಂಗ್. ಕೆಲವು ವಿತರಣೆಗಳಲ್ಲಿ ಮಲಗಿಸುವುದೇ ತಾನಾಗಿ ಬರುತ್ತದೆ. 194 ಜಿಬಿಯನ್ನು ಸೆಕೆಂಡಿಗೆ 500 ಎಂಬಿಯಂತೆ ಬರೆದರೂ ಸುಮಾರು ಆರೂವರೆ ನಿಮಿಷ ಬೇಕು. ಬ್ಯಾಟರಿಗೆ ಎರಡು ವರ್ಷ ಆಗಿದ್ದರೆ ಅದು ಮುಗಿಯುವ ಭರವಸೆ ಇಲ್ಲ, ಡಿಸ್ಕ್‌ನಲ್ಲಿ ಅಷ್ಟು ಖಾಲಿ ಜಾಗವೂ ಬೇಕು. ಶಟ್‌ಡೌನ್‌ಗೆ ಬದಲಿಸಿ. ಯುಪಿಎಸ್ ಮೂರನೇ ನಿಮಿಷಕ್ಕೇ ಸೂಚನೆ ಕೊಡಲಿ. ಏಳುವಾಗ ಕ್ರಮ ಇರಲಿ: ಡೈರೆಕ್ಟರಿ, ಡೇಟಾಬೇಸ್, ಅಪ್ಲಿಕೇಶನ್‌ಗಳು, ರಿಮೋಟ್ ಡೆಸ್ಕ್‌ಟಾಪ್, ಆಮೇಲೆ ಉಳಿದವು, ನಡುವೆ 60 ಸೆಕೆಂಡ್ ಬಿಡುವು. ಪರೀಕ್ಷೆಯದು ತಾನಾಗಿ ಏಳುವುದೇ ಬೇಡ.

ಸರ್ವರ್‌ನ ಮುಂಬದಿಗೆ ಬರುವ ಗಾಳಿ 18ರಿಂದ 27 ಡಿಗ್ರಿಯೊಳಗೆ ಇರಬೇಕೆಂಬುದು ಒಪ್ಪಿತ ಶಿಫಾರಸು. ಏಪ್ರಿಲ್, ಮೇ ತಿಂಗಳ ಗದಗ-ಹುಬ್ಬಳ್ಳಿ ಸೆಖೆಯಲ್ಲಿ ಎಸಿ ನಿಂತರೆ ಸಿಪಿಯು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಅಳತೆಯ ಪಟ್ಟಿಯಲ್ಲಿ ತಾಪಮಾನವನ್ನೂ ಸೇರಿಸಿ. ಮಧ್ಯಾಹ್ನ ಎರಡಕ್ಕೆ ನಿಧಾನವಾಗಿ ಸಂಜೆ ಸರಿಹೋಗುವ ಡೊಮೇನ್‌ಗೆ ಬೇಕಾದ್ದು ಸಿಪಿಯು ಅಲ್ಲ, ತಂಪು ಗಾಳಿ.

ಬದಲಾವಣೆ ಮತ್ತು ಎರಡನೇ ಸರ್ವರ್

ಒಂದು ಸಲಕ್ಕೆ ಒಂದೇ ಡೊಮೇನ್, ಒಂದೇ ಅಂಶ ಬದಲಿಸಿ, ಒಂದು ವಾರ ನೋಡಿ. ತಾರೀಖು, ಹಳೆಯ ಅಂಕಿ, ಹೊಸ ಅಂಕಿ, ಕಾರಣ ಬರೆದಿಡಲು ಒಂದು ವಹಿ ಇರಲಿ. ಓಡುತ್ತಿರುವಾಗಲೇ ಸಿಪಿಯು ಸೇರಿಸುವ ಸೌಲಭ್ಯ ಇದೆ, ಆದರೆ ಶಾಶ್ವತ ವಿವರದಲ್ಲೂ ಬದಲಿಸದಿದ್ದರೆ ಮುಂದಿನ ಬೂಟ್‌ಗೆ ಹಳೆಯದೇ ಬರುತ್ತದೆ. ವಿಎಂವೇರ್‌ನ 8ಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಈ ಸೌಲಭ್ಯ ಹಚ್ಚಿಟ್ಟರೆ ಗೆಸ್ಟ್‌ಗೆ ನೂಮಾ ನೋಟ ತಪ್ಪಿಹೋಗುತ್ತದೆ. ಹೈಪರ್-ವಿಯಲ್ಲಿ ಡೈನಾಮಿಕ್ ಮೆಮೊರಿ ಹಚ್ಚಿದರೂ ಹಾಗೆಯೇ.

ಮುಂದೆ ಎರಡನೇ ಸರ್ವರ್ ಕೊಂಡಾಗ ಎರಡರಲ್ಲೂ 194 ಜಿಬಿ ತುಂಬಿಬಿಟ್ಟರೆ ಒಂದು ಕೆಟ್ಟ ದಿನ ಇನ್ನೊಂದು ಏನನ್ನೂ ಹೊರಲಾರದು. ಬಿಡಲಾಗದ ಡೊಮೇನ್‌ಗಳ ಮೊತ್ತ, ಎರಡೂ ಸರ್ವರ್‌ನವು ಸೇರಿ, ಒಂದರ 216ರೊಳಗೆ ಇರಬೇಕು. ಡೊಮೇನನ್ನು ನಿಲ್ಲಿಸದೆ ಆಚೀಚೆ ಜೀವಂತ ಸಾಗಿಸುವ ಆಸೆ ಇದ್ದರೆ ಗೆಸ್ಟ್‌ಗೆ ಹೋಸ್ಟ್ ಸಿಪಿಯುವನ್ನು ಇದ್ದಹಾಗೇ ತೋರಿಸಬೇಡಿ. ಎರಡರಲ್ಲಿ ಹಳೆಯ ಪೀಳಿಗೆಯ ಸಿಪಿಯು ಮಾದರಿಯನ್ನೇ ಎರಡೂ ಕಡೆ ಹೆಸರಿಸಿ ಕೊಡಿ. ಇಲ್ಲವಾದರೆ ಹೊಸದರಿಂದ ಹಳೆಯದಕ್ಕೆ ಸಾಗಿಸುವಾಗ ಡೊಮೇನ್ ಅಲ್ಲಿ ಇಲ್ಲದ ಸೂಚನೆಗಳನ್ನು ಕೇಳುತ್ತದೆ, ಸಾಗಣೆ ಅಲ್ಲಿಗೇ ನಿಲ್ಲುತ್ತದೆ.